ಅಂಗಳದ ದೀಪಕ್ಕೆ ಪರದೇಶದ ಅಪ್ಪಣೆ ಯಾಕೆ?

ಮಳೆಗಾಲ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಮೊದಲು ಕರೆಂಟು ಹೋಗುತ್ತದೆ, ಹಿಂದೆಯೇ ಟವರ್ ಸಾಯುತ್ತದೆ. ಮರ ಬಿದ್ದು ಕೇಬಲ್ ಹರಿದರೆ ವೈಫೈಯೂ ಇಲ್ಲ. ಇಂಥ ಊರಿನವರಾದ ನಮಗೆ ಇಂಟರ್‌ನೆಟ್ ಇಲ್ಲದಿದ್ದರೆ ಮೊಬೈಲಿನ ಮಾತೇ ಕೇಳದ "ಸ್ಮಾರ್ಟ್" ಸ್ವಿಚ್ಚು ಮಾರುತ್ತಾರಲ್ಲ, ಅದನ್ನು ನಾವು ವಿರೋಧಿಸುತ್ತೇವೆ.

ಅದು ಕೆಲಸ ಮಾಡುವ ರೀತಿ ನೋಡಿ. ಜಗಲಿಯಲ್ಲಿ ಕೂತು ಅಂಗಳದ ದೀಪಕ್ಕೆ ಮೊಬೈಲ್ ಒತ್ತುತ್ತೀರಿ. ಆ ಆದೇಶ ಎಲ್ಲೋ ಇರುವ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಅಂಗಳಕ್ಕೆ ಬರುತ್ತದೆ. ಹತ್ತು ಮಾರು ದೂರದ ದೀಪಕ್ಕೆ ಇಷ್ಟು ಸುತ್ತು!

ಆ ಕಂಪನಿ ಬಾಗಿಲು ಹಾಕಿದರೆ? ಅಮೆರಿಕದಲ್ಲಿ ಇದು ಆಗಿಹೋಗಿದೆ. ಸುಮಾರು 300 ಡಾಲರ್ ಕೊಟ್ಟು ಕೊಂಡ ರಿವಾಲ್ವ್ ಎಂಬ ಸಾಧನ 2016ರ ಮೇ ತಿಂಗಳಲ್ಲಿ ಸರ್ವರ್ ನಿಂತದ್ದೇ ಕೆಲಸಕ್ಕೆ ಬಾರದಂತಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಹೇಳದೆ ಕೇಳದೆ ನಿಂತವು. ಕೊನೆಗೆ ಅದರ ಬಳಕೆದಾರರದೇ ಒಂದು ಗುಂಪು ಕಂಪನಿಯನ್ನು ಕೊಂಡು ಮತ್ತೆ ನಡೆಸಬೇಕಾಯಿತು. ಅಡಿಕೆ ಮಾರಿದ ದುಡ್ಡಿನಲ್ಲಿ ನಾವು ಕಂಪನಿ ಕೊಳ್ಳಲು ಆಗುತ್ತದೆಯೇ?

ಮಲೆನಾಡಿಗೆ ಸರಿಹೊಂದುವುದು ಓಪನ್ ಸೋರ್ಸ್ ವ್ಯವಸ್ಥೆ. 2010ರಲ್ಲಿ ಶುರುವಾದ ಓಪನ್‌ಹ್ಯಾಬ್, 2013ರಲ್ಲಿ ಬಂದ ಹೋಮ್ ಅಸಿಸ್ಟೆಂಟ್ ಎರಡೂ ಉಚಿತ. ಎರಡೂ ನಿಮ್ಮ ಮನೆಯ ರಾಸ್ಪ್‌ಬೆರಿ ಪೈ ಅಥವಾ ಹಳೆ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ರೂಟರಿಗೂ ಆ ಕಂಪ್ಯೂಟರಿಗೂ ಯುಪಿಎಸ್ ಕೊಟ್ಟರೆ, ಹೊರಗಿನ ಇಂಟರ್‌ನೆಟ್ ಸತ್ತರೂ ಮನೆಯೊಳಗಿನ ಆದೇಶ ನಡೆಯುತ್ತದೆ.

ಎರಡರಲ್ಲಿ ನಮ್ಮ ಮತ ಹೋಮ್ ಅಸಿಸ್ಟೆಂಟಿಗೆ. ಹೆಚ್ಚಿನ ಕೆಲಸವನ್ನು ಕೋಡ್ ಬರೆಯದೆ ಪರದೆಯ ಮೇಲೇ ಮುಗಿಸಬಹುದು. 2024ರಿಂದ ಅದು ಲಾಭಕ್ಕಾಗಿ ನಡೆಯದ ಓಪನ್ ಹೋಮ್ ಫೌಂಡೇಶನ್ ಕೈಯಲ್ಲಿದೆ.

ಆದರೆ ಹೋಮ್ ಅಸಿಸ್ಟೆಂಟ್ ಹಾಕಿ, ಕಂಪನಿಯ ಸರ್ವರ್ ನಂಬಿದ ಸ್ವಿಚ್ಚನ್ನೇ ತಂದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಜಿಗ್‌ಬೀ ಸ್ವಿಚ್ಚು ಕೇಳಿ, ಇಲ್ಲವೇ ಇಎಸ್‌ಪಿಹೋಮ್, ಟಾಸ್ಮೋಟಾದಂಥ ಮುಕ್ತ ತಂತ್ರಾಂಶ ಹಾಕಬಹುದಾದದ್ದನ್ನು ಕೇಳಿ. ಹೊಳೆಬದಿಯ ಪಂಪಿಗೆ ಮನೆಯ ವೈಫೈ ತಲುಪದು. ಅಲ್ಲಿ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಈಗಾಗಲೇ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಕೀಳಬೇಡಿ. ಎಲ್ಲಿಯೇ ಆಗಲಿ, ಕೈಯಿಂದ ಒತ್ತುವ ಬಟನ್ ಇರಲೇಬೇಕು. ಮನೆಯ ಅಜ್ಜಿಗೆ ದೀಪ ಹಾಕಲು ಪಾಸ್‌ವರ್ಡ್ ಬೇಕಾಗಬಾರದು.

"ಇದನ್ನೆಲ್ಲ ಕಲಿಯೋರು ಯಾರು ಮಾರಾಯ್ರೆ?" ಎನ್ನುತ್ತೀರಿ. ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿ ಮನೆಗೆ ಕರೆಂಟು ಮಾಡಿಕೊಂಡವರ ಸೀಮೆ ಇದು. ಮೊದಲ ಸಲ ಜೋಡಿಸಲು ಕಷ್ಟವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಊರಿಗೆ ಇಬ್ಬರು ಹುಡುಗ ಹುಡುಗಿಯರು ಕಲಿತರೆ ಹತ್ತು ಮನೆಗೆ ದಾರಿಯಾಗುತ್ತದೆ. ಕೆಟ್ಟರೆ ಬೆಂಗಳೂರಿನ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ, ಸಿಗ್ನಲ್ಲಿಗಾಗಿ ಗುಡ್ಡ ಹತ್ತುವುದು ತಪ್ಪುತ್ತದೆ.

ಹೊಸ ಸ್ವಿಚ್ಚು ಕೊಳ್ಳುವ ಮುಂಚೆ ಅಂಗಡಿಯವರಿಗೆ ಹೇಳಿ: "ರೂಟರಿನ ಇಂಟರ್‌ನೆಟ್ ವೈರು ತೆಗೀರಿ, ಮೊಬೈಲ್ ಡೇಟಾ ಆಫ್ ಮಾಡಿ, ಈಗ ದೀಪ ಹಾಕಿ ತೋರಿಸಿ." ದೀಪ ಹತ್ತದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.