ಸಾಯಲಿಕ್ಕೂ ಪಾತ್ರವಿರಲಿಲ್ಲ!

ಹಾಲಿವುಡ್‌ನ ಭಯಾನಕ ಚಿತ್ರಗಳಲ್ಲಿ ಮೊದಲು ಸಾಯುವವನು ಕಪ್ಪು ಜನಾಂಗದವನೇ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಹಂತಕನೊಬ್ಬ ಹದಿಹರೆಯದವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಹೋಗುವ 'ಸ್ಲ್ಯಾಶರ್' ಚಿತ್ರಗಳ ಬಗೆಗಂತೂ ಇದು ಗಾದೆಯೇ ಆಗಿಬಿಟ್ಟಿದೆ. ಆದರೆ ಈ ಪ್ರಕಾರಕ್ಕೆ ಅಡಿಪಾಯ ಹಾಕಿದ ಚಿತ್ರಗಳನ್ನು ಮರಳಿ ನೋಡಿದರೆ ವಾಸ್ತವ ಇನ್ನೂ ಕಹಿಯಾಗಿದೆ. ಜಾನ್ ಕಾರ್ಪೆಂಟರ್ ಅವರ 'ಹ್ಯಾಲೋವೀನ್' (1978) ಹಾಗೂ 'ಫ್ರೈಡೇ ದ ಥರ್ಟೀನ್ತ್' (1980) ಚಿತ್ರಗಳ ಮುಖ್ಯ ಪಾತ್ರಗಳಲ್ಲಿ ಕಪ್ಪು ಜನಾಂಗದ ಒಬ್ಬರೂ ಇಲ್ಲ. ಸಾಯುವುದಕ್ಕೂ ಅವರಿಗೆ ಅವಕಾಶವಿರಲಿಲ್ಲ.

ಇದನ್ನು ಕೇವಲ ಆಕಸ್ಮಿಕ ಎನ್ನಲಾಗದು. ಕೇಡೆಂಬುದೇ ಸುಳಿಯದ ಶಾಂತ ಉಪನಗರಕ್ಕೆ ಕೊಲೆಗಾರ ನುಗ್ಗಿದ ಎಂಬುದೇ 'ಹ್ಯಾಲೋವೀನ್' ಹುಟ್ಟಿಸುವ ಭಯದ ಬಂಡವಾಳ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ತಲೆಯೆತ್ತಿದ ಇಂತಹ ಅನೇಕ ಬಡಾವಣೆಗಳಲ್ಲಿ ಕಪ್ಪು ಕುಟುಂಬಗಳಿಗೆ ಮನೆಯನ್ನೇ ಮಾರುತ್ತಿರಲಿಲ್ಲ. ನ್ಯೂಯಾರ್ಕ್ ಸಮೀಪದ ಲೆವಿಟೌನ್ ಇದಕ್ಕೆ ಕುಖ್ಯಾತ. ವಸತಿ ತಾರತಮ್ಯ ನಿಷೇಧಿಸುವ ಕಾನೂನು ಜಾರಿಗೆ ಬಂದದ್ದು 1968ರಲ್ಲಿ. 'ಹ್ಯಾಲೋವೀನ್' ತೆರೆಕಂಡದ್ದು ಹತ್ತೇ ವರ್ಷಗಳ ಬಳಿಕ. ಮನೆಗೇ ಪ್ರವೇಶವಿಲ್ಲದವರಿಗೆ ಆ ಮನೆಯ ಕಥೆಯಲ್ಲಿ ಪ್ರವೇಶ ಎಲ್ಲಿಂದ ಬರಬೇಕು?

ಕಪ್ಪು ಪಾತ್ರಗಳಿಗೆ ಹೆಚ್ಚಿನ ಜಾಗ ದೊರೆತದ್ದು ಮುಂದುವರಿದ ಭಾಗಗಳಲ್ಲಿ. 1985ರ 'ಫ್ರೈಡೇ' ಐದನೇ ಭಾಗದಲ್ಲಿ ಬಾಲಕ ರೆಜ್ಜಿ ಬದುಕುಳಿಯುತ್ತಾನೆ, ನಿಜ. ಆದರೆ ಆರನೇ ಭಾಗದಲ್ಲಿ ಅವನ ಸುಳಿವೇ ಇಲ್ಲ. 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'ನ ಮೂರನೇ ಭಾಗದಲ್ಲಿ (1987) ಸೆಣಸಿ ಗೆದ್ದ ಕಿಂಕೇಡ್, ಮರುವರ್ಷದ ನಾಲ್ಕನೇ ಭಾಗದಲ್ಲಿ ಮೊದಲ ಬಲಿ. ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಗುರುತಿಸಿದ, ಹಂತಕನನ್ನು ಎದುರಿಸಿ ಉಳಿಯುವ 'ಕೊನೆಯ ಹುಡುಗಿ'ಯೂ ಆ ಕಾಲದ ಪ್ರಮುಖ ಚಿತ್ರಗಳಲ್ಲಿ ಬಿಳಿಯಳೇ. 'ಸ್ಕ್ರೀಮ್ 2' (1997) ಈ ಲೋಪವನ್ನು ಆರಂಭದಲ್ಲೇ ಗೇಲಿ ಮಾಡಿತು: ಚಿತ್ರಮಂದಿರಕ್ಕೆ ಬಂದ ಕಪ್ಪು ಜೋಡಿ ಇದೇ ವಿಷಯ ಚರ್ಚಿಸುತ್ತದೆ, ಕೆಲವೇ ನಿಮಿಷಗಳಲ್ಲಿ ಇಬ್ಬರ ಕೊಲೆಯೂ ನಡೆಯುತ್ತದೆ. ಗೇಲಿ ಚೆನ್ನಾಗಿದೆ; ಫಲಿತಾಂಶ ಮಾತ್ರ ಹಳೆಯದೇ.

ಈ ಪೈಕಿ ಹೆಚ್ಚು ಜಟಿಲವಾದದ್ದು 1992ರ 'ಕ್ಯಾಂಡಿಮ್ಯಾನ್'. ಕ್ಲೈವ್ ಬಾರ್ಕರ್ ಅವರ ಮೂಲಕಥೆ ನಡೆಯುವುದು ಇಂಗ್ಲೆಂಡಿನಲ್ಲಿ. ನಿರ್ದೇಶಕ ಬರ್ನಾರ್ಡ್ ರೋಸ್ ಅದನ್ನು ಷಿಕಾಗೊದ ಕ್ಯಾಬ್ರಿನಿ ಗ್ರೀನ್ ಎಂಬ ಸರ್ಕಾರಿ ವಸತಿ ಸಂಕೀರ್ಣಕ್ಕೆ ತಂದರು. ಟೋನಿ ಟಾಡ್ ನಿರ್ವಹಿಸಿದ ಪ್ರೇತ, ಗುಲಾಮನೊಬ್ಬನ ಮಗ, ಚಿತ್ರಕಲಾವಿದ. ಬಿಳಿಯ ಯುವತಿಯನ್ನು ಪ್ರೀತಿಸಿದ ತಪ್ಪಿಗೆ ಗುಂಪೊಂದು ಅವನ ಕೈ ಕತ್ತರಿಸಿ, ಜೇನು ಸವರಿ, ಹುಳುಗಳಿಗೆ ಬಿಟ್ಟು ಕೊಂದಿರುತ್ತದೆ. ಜನಾಂಗೀಯ ಹಿಂಸೆಯ ಸ್ಮೃತಿ ಇಷ್ಟು ನೇರವಾಗಿ ಈ ಪ್ರಕಾರದಲ್ಲಿ ಬಂದದ್ದು ವಿರಳ. ಆದರೂ ಕಥೆಯ ಕಣ್ಣು ಬಿಳಿಯ ಸಂಶೋಧಕಿ ಹೆಲೆನ್‌ಳದು. ಕಪ್ಪು ವ್ಯಕ್ತಿ ಕೊನೆಗೂ ಚಿತ್ರದ ಕೇಂದ್ರಕ್ಕೆ ಬಂದ, ಅದೂ ಭೂತವಾಗಿ. ಅವನ ಕೊಕ್ಕೆಗೆ ಸಿಕ್ಕವರಲ್ಲಿ ಅಲ್ಲಿನ ಬಡ ನಿವಾಸಿಗಳೂ ಇದ್ದರು.

2021ರಲ್ಲಿ ನಿಯಾ ಡಕೋಸ್ಟಾ ಎಂಬ ಕಪ್ಪು ನಿರ್ದೇಶಕಿ ಇದೇ ಕಥೆಯನ್ನು ಮುಂದುವರಿಸಿದಾಗ ನಾಯಕನ ಸ್ಥಾನದಲ್ಲಿದ್ದವನು ಕಪ್ಪು ಕಲಾವಿದ. ಆ ವೇಳೆಗೆ ಕ್ಯಾಬ್ರಿನಿ ಗ್ರೀನ್‌ನ ಕೊನೆಯ ಬಹುಮಹಡಿ ಕಟ್ಟಡ ನೆಲಸಮವಾಗಿ ಹತ್ತು ವರ್ಷ ಕಳೆದಿತ್ತು.