ಕಾಯಿ ನಮ್ಮದು, ಮಟ್ಟೆ ಯಾರದು?

ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಕಡೂರು ತಾಲ್ಲೂಕಿನ ಯಗಟಿ ಹೋಬಳಿಯ ಒಬ್ಬ ತೆಂಗು ಬೆಳೆಗಾರ.

ಚಿಕ್ಕಮಗಳೂರು ಜಿಲ್ಲೆ ಅಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಾಫಿ ತೋಟ, ಮುಳ್ಳಯ್ಯನಗಿರಿ, ಹೋಂಸ್ಟೇ. ಅದೇ ಜಿಲ್ಲೆಯಲ್ಲಿ ಬಯಲುಸೀಮೆಯೂ ಇದೆ. ಕಡೂರು, ಬೀರೂರು, ಅಜ್ಜಂಪುರದ ಕಡೆ ತೆಂಗು, ರಾಗಿ, ಈರುಳ್ಳಿ ಬೆಳೆದುಕೊಂಡು, ಮುಗಿಲು ನೋಡಿಕೊಂಡು ಬದುಕುವ ಸೀಮೆ ಅದು. ನಾನು ಬರೆಯುತ್ತಿರುವುದು ಅಲ್ಲಿಂದ, ಅಲ್ಲಿ ಹುಟ್ಟಬಹುದಾದ ಸಣ್ಣ ಕಾರ್ಖಾನೆಗಳ ಬಗ್ಗೆ. ಮಂತ್ರಿಗಳಿಗೆ ಬರೆಯದೆ ತಮಗೆ ಬರೆಯಲು ಕಾರಣವಿದೆ. 15 ಕೋಟಿ ರೂಪಾಯಿವರೆಗಿನ ಕೈಗಾರಿಕಾ ಯೋಜನೆಗಳಿಗೆ ಒಪ್ಪಿಗೆ ಕೊಡುವ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಗೆ ತಾವೇ ಅಧ್ಯಕ್ಷರು. ಜಿಲ್ಲೆಯ ಬ್ಯಾಂಕುಗಳ ಸಮಾಲೋಚನಾ ಸಮಿತಿಗೂ ತಾವೇ ಅಧ್ಯಕ್ಷರು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಅನುಮತಿ ಕೊಡುವವರೂ ತಾವೇ. ನಾನು ಕೇಳಬೇಕೆಂದಿರುವುದೆಲ್ಲ ಈ ಮೂರರೊಳಗೇ ಇದೆ.

ನಮ್ಮ ಕಡೆ ತೆಂಗು ಬೆಳೆದವನಿಗೆ ಲೆಕ್ಕ ಒಂದೇ: ಕಾಯಿಗೆಷ್ಟು, ಕೊಬ್ಬರಿಗೆಷ್ಟು. ಕಾಯನ್ನು ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಕಾಯ್ದು, ಒಳಗೆ ನೀರು ಬತ್ತಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿದು ತಿಪಟೂರು, ಅರಸೀಕೆರೆಯ ಮಾರುಕಟ್ಟೆಗೆ ಒಯ್ಯುತ್ತೇವೆ. ಆಮೇಲಿನದು ಅಲ್ಲಿನ ಧಾರಣೆಗೆ ಬಿಟ್ಟದ್ದು. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಯ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿಳಿದು ರೈತರು ಬೀದಿಗಿಳಿದರು, ನಾಫೆಡ್ ಖರೀದಿ ಕೇಂದ್ರದ ಮುಂದೆ ಸಾಲುಗಟ್ಟಿದರು. 2025ಕ್ಕೆ ಕೇಂದ್ರ ಸರ್ಕಾರ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದರೆ, ಮಾರುಕಟ್ಟೆಯ ಧಾರಣೆ ಅದನ್ನೂ ದಾಟಿ ಬಹಳ ಮೇಲೆ ಹೋಯಿತು. ಏರಿದ್ದೂ ನಮ್ಮ ಕೈಯಲ್ಲಿರಲಿಲ್ಲ, ಇಳಿದದ್ದೂ ಇರಲಿಲ್ಲ.

ಆದರೆ ಒಂದು ತೆಂಗಿನಕಾಯಿಯ ತೂಕದಲ್ಲಿ ತಿರುಳು ಮೂರನೇ ಒಂದು ಪಾಲೂ ಇರುವುದಿಲ್ಲ. ಮಟ್ಟೆಯೇ ಸುಮಾರು ಶೇ 35ರಷ್ಟು, ಚಿಪ್ಪು ಶೇ 12ರಷ್ಟು. ಈ ಮಟ್ಟೆ ನಮ್ಮಲ್ಲಿ ಬಚ್ಚಲ ಒಲೆಗೆ ಹೋಗುತ್ತದೆ, ತೋಟದ ಬದುವಿನಲ್ಲಿ ಕೊಳೆಯುತ್ತದೆ, ಇಲ್ಲವೇ ಲಾರಿಯವನು ಕೊಟ್ಟಷ್ಟಕ್ಕೆ ಊರು ಬಿಡುತ್ತದೆ. ಚಿಪ್ಪಿನ ಕಥೆಯೂ ಅಷ್ಟೇ. ಇವೆರಡನ್ನೂ ಕೊಂಡೊಯ್ದವರು ಏನು ಮಾಡುತ್ತಾರೆಂದು ಕೇಳಿಕೊಂಡು ಹೋದಾಗಲೇ ನನಗೆ ಈ ವ್ಯಾಪಾರದ ಇನ್ನೊಂದು ಮುಖ ತಿಳಿದದ್ದು.

ಮಟ್ಟೆಯಿಂದ ನಾರು ತೆಗೆದರೆ, ನಾರಿಗಿಂತ ಹೆಚ್ಚಾಗಿ ಉಳಿಯುವುದು ಪುಡಿ. ಒಂದು ಕಿಲೋ ನಾರಿಗೆ ಸುಮಾರು ಎರಡು ಕಿಲೋ ಪುಡಿ. ಒಂದು ಕಾಲಕ್ಕೆ ಇದು ನಾರಿನ ಕಾರ್ಖಾನೆಗಳಿಗೆ ದೊಡ್ಡ ತಲೆನೋವು, ಗುಡ್ಡೆಗುಡ್ಡೆಯಾಗಿ ಬೀಳುತ್ತಿತ್ತು, ಬೇಗ ಕೊಳೆಯುತ್ತಲೂ ಇರಲಿಲ್ಲ. ಈಗ ಅದಕ್ಕೆ ಕೊಕೊಪೀಟ್ ಎಂಬ ಹೆಸರಿದೆ. ತನ್ನ ತೂಕದ ಎಂಟು ಪಟ್ಟು ನೀರು ಹಿಡಿದಿಟ್ಟುಕೊಳ್ಳುವ ಈ ಪುಡಿಯನ್ನು ತೊಳೆದು, ಒಣಗಿಸಿ, ಒತ್ತಿ, ಐದು ಕಿಲೋ ಇಟ್ಟಿಗೆ ಮಾಡಿ ಹಡಗಿಗೆ ಹಾಕುತ್ತಾರೆ. ನೆದರ್ಲೆಂಡ್ಸಿನ ಗಾಜಿನ ಮನೆಗಳಲ್ಲಿ ಟೊಮೆಟೊ, ಸ್ಟ್ರಾಬೆರಿ ಬೇರು ಬಿಡುವುದು ಇದರಲ್ಲೇ. ಯುರೋಪಿನ ಜೌಗು ನೆಲವನ್ನು ಅಗೆದು ಪೀಟ್ ತೆಗೆಯುವುದಕ್ಕೆ ಅಲ್ಲಿ ವಿರೋಧ ಹೆಚ್ಚಿದಷ್ಟೂ ಇದರ ಬೇಡಿಕೆ ಬೆಳೆದಿದೆ. ತಮಿಳುನಾಡಿನ ಪೊಳ್ಳಾಚಿ ಸೀಮೆಯವರು ಇದನ್ನು ಬಹಳ ಮೊದಲೇ ಕಂಡುಕೊಂಡು ಒಂದು ಉದ್ಯಮವನ್ನೇ ಕಟ್ಟಿದರು.

ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಇ.ಸಿ. ಎಷ್ಟು ಅಂತ. ಪುಡಿಯಲ್ಲಿ ಎಷ್ಟು ಉಪ್ಪಿನಂಶ ಉಳಿದಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. 0.5ಕ್ಕಿಂತ ಕಡಿಮೆ ಇದ್ದರೆ ಒಂದು ದರ, ಹೆಚ್ಚಿದ್ದರೆ ಇನ್ನೊಂದು ದರ. ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸಿದ ಪುಡಿಗೆ ಮತ್ತೂ ಬೇರೆ ದರ. ಹಿನ್ನೀರಿನಲ್ಲಿ ಕೊಳೆಹಾಕಿದ ಮಟ್ಟೆ ಸಮುದ್ರದ ಉಪ್ಪು ಕುಡಿದಿರುತ್ತದೆ, ನಮ್ಮ ಒಣಮಟ್ಟೆಗೆ ಆ ಕಾಟವಿಲ್ಲ. ಅದರಲ್ಲಿ ಸಹಜವಾಗಿಯೇ ಇರುವ ಪೊಟ್ಯಾಶಿಯಂ ತೊಳೆದರೆ ಸಾಕು. ಆದರೆ ತೊಳೆಯಲು ನೀರು ಬೇಕು. ತೊಳೆದ ನೀರು ಕಂದು ಬಣ್ಣಕ್ಕೆ ತಿರುಗಿ ಹೊರಬರುತ್ತದೆ, ಅದನ್ನು ಹಳ್ಳಕ್ಕೆ ಬಿಡಲಾಗದು. ಬರದ ಸೀಮೆಯಲ್ಲಿ ಕೂತು ಈ ಮಾತನ್ನು ಮುಚ್ಚಿಟ್ಟು ತಮ್ಮ ಮುಂದೆ ಅರ್ಜಿ ಇಡುವುದು ಸರಿಯಲ್ಲ. ನನ್ನ ಪ್ರಕಾರ ನಮ್ಮವರು ನಾರು ತೆಗೆಯುವುದು, ಜರಡಿ ಹಿಡಿಯುವುದು, ಮಳೆಗಾಲದ ನೀರನ್ನು ಹೊಂಡದಲ್ಲಿ ಹಿಡಿದಷ್ಟಕ್ಕೇ ಮಿತಿಯಾಗಿ ತೊಳೆದು ಆ ನೀರನ್ನು ಮರುಬಳಕೆ ಮಾಡುವುದು, ಉಳಿದ ಪುಡಿಯನ್ನು ಗೊಬ್ಬರ ಮಾಡುವುದು, ಇಷ್ಟಕ್ಕೆ ನಿಲ್ಲಬೇಕು. ಪುಡಿಯನ್ನು ಅಣಬೆಯ ಬೀಜದಿಂದ ಕೊಳೆಯಿಸುವ ವಿಧಾನವನ್ನು ಆಲಪ್ಪುಳದ ಕಲವೂರಿನಲ್ಲಿರುವ ಕೇಂದ್ರೀಯ ತೆಂಗಿನ ನಾರು ಸಂಶೋಧನಾ ಸಂಸ್ಥೆ ಪಿತ್‌ಪ್ಲಸ್ ಎಂಬ ಹೆಸರಿನಲ್ಲಿ ಕೊಟ್ಟಿದೆ. ಕಡೂರಿನ ಕಲ್ಲುನೆಲದ ತೋಟಗಳಿಗೆ ನೀರು ಹಿಡಿದಿಡುವ ಅಂಥ ಗೊಬ್ಬರ ಬೇಕೇ ಬೇಕು, ಹಡಗಿನವರೆಗೂ ಹೋಗಬೇಕಾಗಿಲ್ಲ.

ಚಿಪ್ಪಿನಲ್ಲಿ ಇನ್ನೂ ಹೆಚ್ಚಿನ ಕಸುವಿದೆ. ಸುಮಾರು ಮೂರು ಟನ್ ಚಿಪ್ಪು ಸುಟ್ಟರೆ ಒಂದು ಟನ್ ಇದ್ದಿಲು. ಆ ಇದ್ದಿಲನ್ನು ಹಬೆಯಲ್ಲಿ ಕಾಯಿಸಿದರೆ ಆಕ್ಟಿವೇಟೆಡ್ ಕಾರ್ಬನ್. ನಮ್ಮ ಮನೆಯ ನೀರಿನ ಫಿಲ್ಟರಿನೊಳಗೆ ಕೂತಿರುವ ಕಪ್ಪು ಕಾಳು ಅದೇ. ಚಿನ್ನದ ಗಣಿಗಳಲ್ಲಿ ಕೆಸರಿನಿಂದ ಚಿನ್ನವನ್ನು ಹೀರಿ ತೆಗೆಯಲು ತೆಂಗಿನ ಚಿಪ್ಪಿನ ಕಾರ್ಬನ್ನನ್ನೇ ಆರಿಸುತ್ತಾರೆ, ಉಳಿದವಕ್ಕಿಂತ ಅದು ಗಟ್ಟಿ, ತಿರುಗಣೆಯಲ್ಲಿ ಪುಡಿಯಾಗುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಷಾನಿಲ ತಡೆಯುವ ಮುಖವಾಡಗಳಿಗಾಗಿ ಅಮೆರಿಕದವರು ತೆಂಗಿನ ಚಿಪ್ಪಿನ ಇದ್ದಿಲು ಹುಡುಕಿ, ಸಾಲದೆ ಪೀಚ್ ಹಣ್ಣಿನ ಓಟೆಯನ್ನೂ ಜನರಿಂದ ಸಂಗ್ರಹಿಸಿದರು. ಕಾರ್ಬನ್ ಕಾರ್ಖಾನೆಗೆ ಬಂಡವಾಳ ಬಹಳ, ಯಗಟಿಗೆ ಅದು ಈಗಲೇ ಬೇಡ. ಒಳ್ಳೆಯ ಇದ್ದಿಲು ಮಾಡಿ, ಒಡೆದು, ಗಾತ್ರ ಬೇರ್ಪಡಿಸಿ, ಬೂದಿ ಮತ್ತು ತೇವಾಂಶದ ಪರೀಕ್ಷಾ ಪತ್ರದೊಂದಿಗೆ ಆ ಕಾರ್ಖಾನೆಗಳಿಗೆ ಮಾರುವುದು ನಮಗೆ ತಕ್ಕ ಕೆಲಸ.

ಇಲ್ಲೂ ಒಂದು ತೊಡಕಿದೆ. ಗುಂಡಿ ತೋಡಿ ಚಿಪ್ಪು ಸುಡುವ ಕಡೆಯಲ್ಲೆಲ್ಲ ಸುತ್ತಲಿನವರು ಹೊಗೆಯ ದೂರು ಕೊಡುತ್ತಾರೆ, ಕೊಡುವುದು ನ್ಯಾಯವೇ. ಆದರೆ ಹೊಗೆಯನ್ನು ಬಿಡದೆ ಹಿಡಿಯುವ ವಿದ್ಯೆ ನಮ್ಮ ಪಕ್ಕದಲ್ಲೇ ನೂರು ವರ್ಷದ ಹಿಂದೆ ಇತ್ತು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಅದಿರು ಇಳಿದು ಭದ್ರಾವತಿಗೆ ಹೋಗುತ್ತಿತ್ತಲ್ಲ, 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಮೈಸೂರು ಕಬ್ಬಿಣದ ಕಾರ್ಖಾನೆ ನಡೆದದ್ದು ಕಲ್ಲಿದ್ದಲಿನಿಂದಲ್ಲ, ಸೌದೆ ಇದ್ದಿಲಿನಿಂದ. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಸುಟ್ಟು, ಹೊಗೆಯನ್ನು ತಣಿಸಿ, ಅದರಿಂದ ಮಿಥೈಲ್ ಆಲ್ಕೊಹಾಲ್, ಅಸಿಟೇಟು, ಟಾರು ತೆಗೆದು ಮಾರುವ ಘಟಕ ಅಲ್ಲಿತ್ತು. ಆ ಕಾರ್ಖಾನೆಯ ಹೊಣೆ ಹೊತ್ತ ವಿಶ್ವೇಶ್ವರಯ್ಯನವರಿಗೆ ಹೊಗೆಯೂ ಸರಕೇ ಆಗಿತ್ತು. ಇವತ್ತು ಚಿಪ್ಪು ಸುಡುವ ಮುಚ್ಚಿದ ಕುಲುಮೆಗಳಲ್ಲಿ ಆ ಅನಿಲವನ್ನೇ ಉರಿಸಿ ಶಾಖ ಪಡೆಯಬಹುದು. ಕುಲುಮೆಗೆ ಬೆಲೆ ಜಾಸ್ತಿ, ಅದಕ್ಕಾಗಿ ಗುಂಡಿಯೇ ಮುಂದುವರಿದಿದೆ. ಸಹಾಯಧನ ಹೋಗಬೇಕಾದ್ದು ಇಂಥ ಕಡೆಗೆ.

ಜಿಲ್ಲೆಗೆ ಒಂದು ದೊಡ್ಡ ಕಾರ್ಖಾನೆ ತನ್ನಿ ಎಂದು ನಾನು ಕೇಳುತ್ತಿಲ್ಲ. ಯಾರ ಮನೆಯಲ್ಲೂ ಹೆಸರು ಗೊತ್ತಿರದ, ಒಂದೇ ವಸ್ತುವನ್ನು ಚೆನ್ನಾಗಿ ಮಾಡಿ ಬೇರೆ ಕಾರ್ಖಾನೆಗಳಿಗೆ ಮಾರುವ ಸಣ್ಣ ಉದ್ಯಮಗಳು ಊರುಗಳನ್ನು ಹೇಗೆ ಹಿಡಿದು ನಿಲ್ಲಿಸುತ್ತವೆ ಎಂಬುದು ನಮ್ಮ ರಾಜ್ಯದಲ್ಲೇ ಕಾಣುತ್ತದೆ. ಹುಬ್ಬಳ್ಳಿಯಲ್ಲಿ ಕೈಗಾರಿಕಾ ವಾಲ್ವ್, ಬೆಳಗಾವಿ ಮತ್ತು ಶಿವಮೊಗ್ಗದಲ್ಲಿ ಎರಕ. ಮಿಡಿಸೌತೆಯದು ಇನ್ನೂ ಸೋಜಿಗ. ನಮ್ಮ ಊಟದಲ್ಲಿ ಅದಕ್ಕೆ ಜಾಗವೇ ಇಲ್ಲ. ಆದರೂ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ಈ ಬೆಳೆ, ವಿನೆಗರ್ ತುಂಬಿದ ಡ್ರಮ್ಮು, ಬಾಟಲಿಗಳಲ್ಲಿ ಅಮೆರಿಕ, ಯುರೋಪು, ರಷ್ಯಾಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ದೇಶದ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಗುತ್ತಿಗೆ ಪದ್ಧತಿಯಲ್ಲಿ ಬೆಳೆಯುತ್ತಾರೆ. ದೂರದ ಕೊಳ್ಳುವವನಿಗೆ ಬೇಕಾದ ಗಾತ್ರವನ್ನು ಮಿಲಿಮೀಟರಿನಲ್ಲಿ ಅಳೆದು ಕೊಡಲು ನಮ್ಮ ರೈತರು ಕಲಿತರು. ಇ.ಸಿ. ಅಳೆಯುವುದನ್ನು ಕಲಿಯಲಾರರೇ?

ಕಲಿತ ಕೈಗಳೂ ನಮ್ಮವೇ ಇವೆ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಹೋಬಳಿಯ ಹುಡುಗರು ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಯಂತ್ರ ನಡೆಸುತ್ತಾರೆ. ಹಬ್ಬಕ್ಕೆ ಬಂದಾಗ ಊರ ನಾರಿನ ಯಂತ್ರದ ಸವೆದ ಬ್ಲೇಡು ನೋಡಿ, ಇದಕ್ಕೆ ಯಾವ ಉಕ್ಕು ಹಾಕಬೇಕಿತ್ತು, ಎಷ್ಟು ಹದ ಕೊಡಬೇಕಿತ್ತು ಎಂದು ಕರಾರುವಾಕ್ಕಾಗಿ ಹೇಳುತ್ತಾರೆ. ಅಂಥ ಒಬ್ಬ ಹುಡುಗ ಊರಿಗೆ ಮರಳಿ ಕಾಯಿ ಸುಲಿಯುವ ಯಂತ್ರದ ಬಿಡಿಭಾಗ ಮಾಡುತ್ತೇನೆಂದು ಒಂದು ಬ್ಯಾಂಕಿಗೆ ಹೋದ. ತೋಟ ಅಡವಿಡು ಅಂದರು. ತೋಟ ಅಜ್ಜನ ಹೆಸರಿನಲ್ಲಿತ್ತು, ಪಾಲಾಗಿರಲಿಲ್ಲ. ಹಸು ಸಾಲ ಬೇಕಾದರೆ ಕೊಡುತ್ತೇವೆ ಅಂದರಂತೆ. ಅವನು ಮತ್ತೆ ಬಸ್ಸು ಹತ್ತಿದ.

ಅಡಮಾನವಿಲ್ಲದ ಸಾಲಕ್ಕೆ ಖಾತರಿ ಕೊಡುವ ಸಿಜಿಟಿಎಂಎಸ್‌ಇ ನಿಧಿ 2000ದಿಂದಲೂ ಇದೆ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗಿನ ಉತ್ಪಾದನಾ ಘಟಕಕ್ಕೆ ಹಳ್ಳಿಗಳಲ್ಲಿ ಶೇ 25, ವಿಶೇಷ ವರ್ಗದವರಿಗೆ ಶೇ 35 ಸಹಾಯಧನವಿದೆ. ಕಾಗದದಲ್ಲಿ ಎಲ್ಲವೂ ಇದೆ. ಬ್ಯಾಂಕಿನ ಮೇಜಿನ ಆಚೆ ಕೂತವರಿಗೆ ಕುರಿ, ಹಸು, ದಿನಸಿ ಅಂಗಡಿಯ ಲೆಕ್ಕ ಗೊತ್ತು. ಚಿಪ್ಪಿನ ಇದ್ದಿಲಿನ ಲೆಕ್ಕ ಗೊತ್ತಿಲ್ಲ. ತಿಳಿಯದ ಕಸುಬಿಗೆ ಸಾಲ ಕೊಡಲು ಹೆದರುತ್ತಾರೆ, ಅದು ಅವರೊಬ್ಬರದೇ ತಪ್ಪಲ್ಲ. ತಾವು ಅಧ್ಯಕ್ಷರಾಗಿರುವ ಬ್ಯಾಂಕರುಗಳ ಸಭೆಯಲ್ಲಿ ತೆಂಗಿನ ನಾರು, ಪುಡಿ, ಇದ್ದಿಲು, ಬಿಡಿಭಾಗ ಇವುಗಳಿಗೆ ಮಾದರಿ ಯೋಜನಾ ವರದಿ ಮಾಡಿಸಿ ಪ್ರತಿ ಶಾಖೆಗೂ ಕೊಡಿಸಿ. ಖಾತರಿ ನಿಧಿಯಡಿ ಬಂದ ಅರ್ಜಿಗೆ ಅಡಮಾನ ಕೇಳಿದ ಶಾಖೆಗಳ ವಿವರವನ್ನು ಪ್ರತಿ ಸಭೆಯಲ್ಲೂ ಕೇಳಿ.

ವಿದ್ಯುತ್ತಿನ ಮಾತು ಸಣ್ಣದು ಅನ್ನಿಸಬಹುದು. ತೋಟದ ಮಗ್ಗುಲಲ್ಲಿ ಹಾಕಿದ ಘಟಕಕ್ಕೆ ಪಂಪ್‌ಸೆಟ್ ಫೀಡರಿನ ಮೂರು ಫೇಸ್ ಸಿಗುವುದು ದಿನಕ್ಕೆ ಏಳು ತಾಸು, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಅದನ್ನು ನಂಬಿ ಯಾರೂ ಆಳುಗಳಿಗೆ ಪಾಳಿ ಹೇಳಲಾರರು. ಚಿಕ್ಕಮಗಳೂರಿನ ಅಂಬಳೆ ಕೈಗಾರಿಕಾ ಪ್ರದೇಶಕ್ಕೆ ಬನ್ನಿ ಅನ್ನುತ್ತಾರೆ. ತೂಕವಿಲ್ಲದೆ ಜಾಗ ತಿನ್ನುವ ಮಟ್ಟೆಯನ್ನು ಅಲ್ಲಿಗೆ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭ ನುಂಗುತ್ತದೆ. ಮಟ್ಟೆ ಬೀಳುವಲ್ಲೇ ಘಟಕ ಇರಬೇಕು. ಹೋಬಳಿಯಲ್ಲಿ ಕೆಲವೇ ಎಕರೆ ಸರ್ಕಾರಿ ಜಾಗ, ಕೆರೆಯಂಗಳವೂ ಗೋಮಾಳವೂ ಅಲ್ಲದ ಜಾಗ, ನಿರಂತರ ಮೂರು ಫೇಸ್, ಒಂದು ಒಣಗಿಸುವ ಕಣ, ಇ.ಸಿ., ತೇವ, ಬೂದಿ ಅಳೆಯುವ ಒಂದು ಸಣ್ಣ ಪ್ರಯೋಗಶಾಲೆ ಇದ್ದರೆ ಸಾಕು. ಪರೀಕ್ಷಾ ಪತ್ರ ನಮ್ಮ ಕೈಗೆ ಬಂದ ದಿನ ದರ ಹೇಳುವ ಮಾತೂ ನಮ್ಮದಾಗುತ್ತದೆ. ಒಂದು ಮಿತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಎಳನೀರಿಗೆ ಧಾರಣೆ ಬಂದ ವರ್ಷ ಕಾಯಿ ಬಲಿಯುವ ಮೊದಲೇ ಮರದಿಂದ ಇಳಿದು ಲಾರಿ ಹತ್ತುತ್ತದೆ, ಒಣಮಟ್ಟೆಗೆ ಬರ ಬರುತ್ತದೆ. ಬಿಳಿನೊಣ, ಕಪ್ಪುತಲೆ ಹುಳು ಬೇರೆ. ಆದ್ದರಿಂದ ಹೋಬಳಿಗೆ ಎಷ್ಟು ಘಟಕ ತಡೆಯುತ್ತದೆ ಎಂಬ ಅಂದಾಜನ್ನು ತೋಟಗಾರಿಕೆ ಇಲಾಖೆಯಿಂದ ಮೊದಲು ಮಾಡಿಸಿ. ಸಹಾಯಧನದ ಆಸೆಗೆ ಹತ್ತು ಘಟಕ ಎದ್ದು ಎಂಟು ಬಾಗಿಲು ಹಾಕುವುದು ಬೇಡ.

ಮಾರಿದ ಮೇಲೆ ಹಣ ಬರುವುದೂ ಒಂದು ಪರೀಕ್ಷೆ. 2006ರ ಸಣ್ಣ ಕೈಗಾರಿಕೆಗಳ ಕಾಯ್ದೆ ಪ್ರಕಾರ ಕೊಂಡವನು 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಉದ್ಯಮ್ ನೋಂದಣಿ ಮಾಡಿಸದವನಿಗೆ ಈ ಕಾಯ್ದೆಯ ಆಸರೆ ಸಿಗುವುದು ಕಷ್ಟ. ಮಾಡಿಸಿದವನಿಗೂ ದೂರು ಎಲ್ಲಿ ಕೊಡಬೇಕೆಂದು ತಿಳಿದಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದ ಒಬ್ಬರು ತಿಂಗಳಿಗೊಮ್ಮೆ ಯಗಟಿಯ ನಾಡಕಚೇರಿಯಲ್ಲಿ ಕೂತರೆ ಈ ಕೆಲಸ ಅರ್ಧ ಮುಗಿಯುತ್ತದೆ.

ತಮ್ಮಲ್ಲಿ ಕೊನೆಯ ಕೋರಿಕೆ ಇದು. ಏಕಗವಾಕ್ಷಿ ಸಮಿತಿಯ ಮುಂದಿನ ಒಂದು ಸಭೆಯನ್ನು ಯಗಟಿಯಲ್ಲಿ ಇಡಿ, ಕೊಬ್ಬರಿ ಸುಲಿಯುವ ದಿನಗಳಲ್ಲಿ. ಮೆಸ್ಕಾಂ ಎಂಜಿನಿಯರು, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ, ಲೀಡ್ ಬ್ಯಾಂಕಿನ ವ್ಯವಸ್ಥಾಪಕರು, ಕೈಗಾರಿಕಾ ಇಲಾಖೆಯ ಜಂಟಿ ನಿರ್ದೇಶಕರು ಒಂದೇ ದಿನ ಒಂದೇ ಕಡೆ ಕೂರಲಿ. ಬೆಳೆಗಾರರನ್ನು, ನಾರಿನ ಘಟಕದವರನ್ನು, ಪೀಣ್ಯದಿಂದ ರಜೆ ಹಾಕಿ ಬರಲು ಒಪ್ಪುವ ಹುಡುಗರನ್ನು ಕರೆತರುವುದು ನಮ್ಮ ಹೊಣೆ. ಸಭೆಗೆ ಮೊದಲು ಅಟ್ಟದ ಕೆಳಗಿನ ಮಟ್ಟೆ ರಾಶಿಯನ್ನೂ ಚಿಪ್ಪಿನ ರಾಶಿಯನ್ನೂ ತಾವು ತೂಗಿಸಿ ನೋಡಬೇಕು. ಆ ಲೆಕ್ಕವನ್ನು ಮುಂದಿಟ್ಟುಕೊಂಡೇ ಮಾತು ಶುರುವಾಗಲಿ.

ಇಂತಿ ತಮ್ಮ ವಿಶ್ವಾಸಿ,
ಯಗಟಿ ಹೋಬಳಿಯ ಒಬ್ಬ ತೆಂಗು ಬೆಳೆಗಾರ