ಸ್ವಾಮಿಯ ಅನುಮಾನ, ನಮ್ಮ ಅಭಿಮಾನ

ಅಭ್ಯಾಸ ಬೋಧನೆಗೆ ಹೊರಡುವ ಹಿಂದಿನ ದಿನ ನಮ್ಮ ತಂದೆ ಬೀರುವಿನಿಂದ ಒಂದು ಪೆಟ್ಟಿಗೆ ತೆಗೆದು ನನ್ನ ಕೈಗಿತ್ತರು. ‘ಮಾಲ್ಗುಡಿ ಡೇಸ್’ ಡಿವಿಡಿಗಳ ಸಂಗ್ರಹ. "ಮಕ್ಕಳಿಗೆ ಇದನ್ನು ತೋರಿಸು. ಕಾರ್ಟೂನ್ ನೋಡಿ ನೋಡಿ ಕೆಟ್ಟಿದ್ದಾರೆ" ಎಂದರು. ದೂರದರ್ಶನದಲ್ಲಿ ಈ ಧಾರಾವಾಹಿ ಬಂದು ನಲವತ್ತು ವರ್ಷಗಳಾಗುತ್ತಿವೆ ಎಂಬ ನೆಪದಲ್ಲಿ ನಮ್ಮ ಕಾಲೇಜಿನ ಉಪನ್ಯಾಸಕರಲ್ಲೂ ಅದೇ ಮಾತು ನಡೆದಿತ್ತು. ಹೀಗಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಶಾಲೆಗಳಿಗೆ ಹಂಚಿಹೋಗಿದ್ದ ನಾವು ಮೂವರು ಪ್ರಶಿಕ್ಷಣಾರ್ಥಿಗಳು ಒಂದೇ ಕಂತನ್ನು ತೋರಿಸಿ, ಮಕ್ಕಳು ಏನೆನ್ನುತ್ತಾರೆಂದು ಬರೆದುಕೊಳ್ಳುವುದೆಂದು ತೀರ್ಮಾನಿಸಿದೆವು. ಆ ಅನುಭವದಿಂದ ನನ್ನಲ್ಲಿ ಒಂದು ಅಭಿಪ್ರಾಯ ಮೂಡಿದೆ. ಅದು ನನ್ನ ತಂದೆಗೆ ಒಪ್ಪಿಗೆಯಾಗಿಲ್ಲ. ಮಾರ್ಗದರ್ಶಕರಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಭಿಮಾನಿಗಳ ಮಾತು. ತಂದೆಯವರ ಲೆಕ್ಕದಲ್ಲಿ ‘ಮಾಲ್ಗುಡಿ ಡೇಸ್’ ಎಂದರೆ ಶಂಕರ್ ನಾಗ್ ನಿರ್ದೇಶಿಸಿದ 39 ಕಂತುಗಳು ಮಾತ್ರ. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಬಂದ 15 ಕಂತುಗಳನ್ನು ಅವರು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ನಮ್ಮ ಉಪನ್ಯಾಸಕರೊಬ್ಬರಿಗೆ ಎಲ್. ವೈದ್ಯನಾಥನ್ ಅವರ ಸಂಗೀತ ಕೇಳಿದರೆ ಸಾಕು, ಆಗುಂಬೆಯ ಮಳೆ ಕಣ್ಣಮುಂದೆ ಬರುತ್ತದಂತೆ. ಇನ್ನೊಬ್ಬರಿಗೆ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು. ಮತ್ತೊಬ್ಬರದು ಒಂದು ದೂರು: ಆಗುಂಬೆಯಲ್ಲಿ, ಕನ್ನಡದ ನಿರ್ದೇಶಕ, ಕನ್ನಡದ ನಟರು ಸೇರಿ ತೆಗೆದದ್ದು ಕನ್ನಡದಲ್ಲಿ ಇರಲಿಲ್ಲವಲ್ಲ ಎಂದು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಈ ಹೆಸರುಗಳನ್ನು ಹೇಳುವಾಗ ಎಲ್ಲರ ದನಿಯೂ ಮೃದುವಾಗುತ್ತದೆ. 1990ರಲ್ಲಿ 35ನೆಯ ವಯಸ್ಸಿನಲ್ಲೇ ತೀರಿಕೊಂಡ ಶಂಕರ್ ನಾಗ್ ನೆನಪಾದರೆ ಮಾತೇ ನಿಲ್ಲುತ್ತದೆ.

ಇದರಲ್ಲಿ ನನಗೇನೂ ತಕರಾರಿಲ್ಲ. ನಾನೂ ಆ ಪೆಟ್ಟಿಗೆಯನ್ನು ನೋಡುತ್ತಲೇ ಬೆಳೆದವನು. ಆದರೆ ಇಷ್ಟೆಲ್ಲ ಅಭಿಪ್ರಾಯಗಳಲ್ಲಿ ಯಾರೊಬ್ಬರೂ ಸ್ವಾಮಿ ಕತೆಯಲ್ಲಿ ಏನು ಕೇಳುತ್ತಾನೆ ಎಂಬುದನ್ನು ಹೇಳಲಿಲ್ಲ.

ನಾವು ಆರಿಸಿಕೊಂಡದ್ದು ‘ಎ ಹೀರೋ’ ಕತೆಯ ಕಂತು. ನಮ್ಮ ರಾಜ್ಯದ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಈ ಕತೆ ಇದ್ದುದರಿಂದ ನನ್ನ ವಯಸ್ಸಿನವರಿಗೆ ಇದು ಕಂಠಪಾಠ. ಕಾಡುದಾರಿಯಲ್ಲಿ ಹುಲಿಗೆ ಮುಖಾಮುಖಿಯಾಗಿ, ಹೋರಾಡಿ, ಮರವೇರಿ ಉಳಿದ ಹಳ್ಳಿ ಹುಡುಗನ ಸುದ್ದಿಯನ್ನು ತಂದೆ ಪತ್ರಿಕೆಯಲ್ಲಿ ಓದುತ್ತಾರೆ. ಅವನು ಹುಡುಗನಾಗಿರಲಾರ, ಬಲಿಷ್ಠ ದೊಡ್ಡವನೇ ಇರಬೇಕು ಎಂದು ಸ್ವಾಮಿ ಅನುಮಾನಿಸುತ್ತಾನೆ. ಪತ್ರಿಕೆಗಿಂತ ನೀನು ಜಾಣನೇ ಎಂಬ ಧಾಟಿಯಲ್ಲಿ ತಂದೆ ಅವನ ಬಾಯಿ ಮುಚ್ಚಿಸಿ, ಧೈರ್ಯವಿದ್ದರೆ ಈ ರಾತ್ರಿ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಸವಾಲು ಹಾಕುತ್ತಾರೆ. ಹೆದರಿ ಒದ್ದಾಡುವ ಸ್ವಾಮಿ ಕತ್ತಲಲ್ಲಿ ಯಾರದೋ ಕಾಲು ಕಚ್ಚುತ್ತಾನೆ, ಅದು ಕಳ್ಳನ ಕಾಲು! ಊರೆಲ್ಲ ಹೊಗಳುತ್ತದೆ. ಮಾರನೆಯ ರಾತ್ರಿ ‘ವೀರ’ ಮತ್ತೆ ಅಜ್ಜಿಯ ಪಕ್ಕದಲ್ಲಿ. ದೇಹಬಲಕ್ಕಿಂತ ಧೈರ್ಯ ದೊಡ್ಡದು ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತಿತ್ತು. ನನ್ನ ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ದ ಕಾಲಂನಲ್ಲೂ ಅದನ್ನೇ ಬರೆದಿದ್ದೆ.

ಮೊದಲ ಹಂತದಲ್ಲಿ ನನಗೆ ಸಿಕ್ಕಿದ್ದು ಹುಣಸೂರು ತಾಲ್ಲೂಕಿನ ಒಂದು ಪ್ರೌಢಶಾಲೆ, ಎಂಟನೇ ತರಗತಿ. ಲ್ಯಾಪ್‌ಟಾಪಿನಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಪರಿಚಯದವರ ಮನೆಯಿಂದ ಹಳೆಯ ಪ್ಲೇಯರ್ ತಂದೆ. ಈ ಧಾರಾವಾಹಿ 2020ರಲ್ಲಿ ಕನ್ನಡಕ್ಕೆ ಡಬ್ಬಾಗಿ ಕಿರುತೆರೆಗೆ ಬಂದದ್ದುಂಟು, ಆದರೆ ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಹಿಂದಿ. ಶೀರ್ಷಿಕೆ ಸಂಗೀತ ಬಂದಾಗ ನಾನು ಗುನುಗಿದೆ. ಮಕ್ಕಳು ಪರದೆ ಬಿಟ್ಟು ನನ್ನನ್ನೇ ನೋಡಿದರು. ಐದು ನಿಮಿಷದ ನಂತರ ಹಿಂದಿನ ಬೆಂಚಿನಲ್ಲಿ ಬೇರೆ ಮಾತು ಶುರುವಾಯಿತು. ಮುಗಿದ ಮೇಲೆ "ಹೇಗಿತ್ತು?" ಎಂದೆ. "ಚೆನ್ನಾಗಿತ್ತು ಸಾ" ಎಂದು ಒಕ್ಕೊರಲಿನ ಉತ್ತರ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ, "ನಿಮ್ಗೆ ಇದು ತುಂಬಾ ಇಷ್ಟ ಅಲ್ವಾ ಸಾ?" ಎಂದಳು. ನನ್ನ ಪಾಠದ ಬಗ್ಗೆ ಇದಕ್ಕಿಂತ ಸರಿಯಾದ ಹಿಮ್ಮಾಹಿತಿ ಇನ್ನೊಂದು ಬಂದಿಲ್ಲ. ಅಂದು ತರಗತಿಯಲ್ಲಿ ನಡೆದದ್ದು ನನ್ನ ಸಂತೋಷ, ಅವರ ಕಲಿಕೆಯಲ್ಲ.

ಗೆಳೆಯರಿಗೆ ಇದನ್ನು ಹೇಳಿದೆ. ಅವರು ಧ್ವನಿ ತಗ್ಗಿಸಿ, ಅಲ್ಲಲ್ಲಿ ನಿಲ್ಲಿಸಿ, ಕತೆಯನ್ನು ತಾವೇ ಕನ್ನಡದಲ್ಲಿ ಹೇಳುತ್ತಾ ತೋರಿಸಿದರು. ಆಗ ಮಾತು ಹೊರಟಿತು. ಕೆ.ಆರ್. ನಗರದ ಶಾಲೆಯಲ್ಲಿ ಮಕ್ಕಳಿಗೆ ಅಚ್ಚರಿಯಾದದ್ದು ಕಳ್ಳನಲ್ಲ, ಅಪ್ಪನೊಬ್ಬನಿಗೇ ಒಂದು ಕೋಣೆ ಇದ್ದದ್ದು. ಅಜ್ಜಿಯ ಪಕ್ಕ ಮಲಗುವುದರಲ್ಲಿ ನಾಚಿಕೆ ಯಾಕೆ ಎಂದು ಕೇಳಿದರಂತೆ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್‌ನ ಬೆಂಕಿಯನ್ನು ಹಗಲೂ ರಾತ್ರಿ ಕಾಯಬೇಕು, ಒಂದು ಸಲ ತುಂಬಿದ ಸೊಪ್ಪು ಹದವಾಗಲು ಐದಾರು ದಿನ ಬೇಕು. ಅಪ್ಪನ ಜೊತೆ ಅಲ್ಲೇ ಮಲಗಿ ಗೊತ್ತಿರುವ ಹುಡುಗರು, ಕತ್ತಲಿಗೆ ಹೆದರುವುದು ಬೇರೆ, ನಿದ್ದೆ ಬಂದುಬಿಟ್ಟರೆ ಎಂದು ಹೆದರುವುದು ಬೇರೆ ಎಂದರಂತೆ.

ಎರಡನೆಯ ಹಂತದಲ್ಲಿ ನನ್ನನ್ನು ಎಚ್.ಡಿ. ಕೋಟೆ ತಾಲ್ಲೂಕಿಗೆ ಹಾಕಿದರು. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ, ನಡುವೆ ಕಬಿನಿಯ ಹಿನ್ನೀರು. ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಅದೇ ಕಂತು, ಈ ಸಲ ಕನ್ನಡದಲ್ಲಿ ಹೇಳುತ್ತಾ ಹೋದೆ. ಪತ್ರಿಕೆಯ ಸುದ್ದಿ ಬಂದಾಗ ತರಗತಿ ನಕ್ಕಿತು. "ಸುಳ್ಳು ಸಾ" ಎಂದ ಒಬ್ಬ. ಯಾಕೆ ಎಂದೆ. "ಹುಲಿ ಎದುರ್ಗೆ ಬರಲ್ಲ, ಹಿಂದ್ಗಡೆಯಿಂದ ಬತ್ತದೆ" ಎಂದಳು ಒಬ್ಬಳು. "ಮರ ಹತ್ತಿದ ಅಂದ್ರೆ ನಂಬ್ತೀನಿ, ಹೊಡೆದಾಡಿದ ಅಂದ್ರೆ ನಂಬಲ್ಲ" ಎಂದ ಮತ್ತೊಬ್ಬ. ಇನ್ನೊಬ್ಬನ ಪ್ರಶ್ನೆ: "ಪೇಪರ್‌ನೋರು ಹುಲಿ ನೋಡವ್ರಾ ಸಾ?"

ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಒಂದು ಹೇಳಿಕೆಯನ್ನು ಬಿಡಿಬಿಡಿಯಾಗಿ ಒಡೆದು, ಯಾವ ಭಾಗಕ್ಕೆ ಎಷ್ಟು ಆಧಾರವಿದೆ ಎಂದು ನೋಡುವುದನ್ನು ಕಲಿಸಲು ನಾವು ಎಷ್ಟು ಪಾಡು ಪಡುತ್ತೇವೆ! ಇಲ್ಲಿ ಮಕ್ಕಳು ಅದನ್ನು ತಾವಾಗಿಯೇ ಮಾಡುತ್ತಿದ್ದರು. ಆದರೆ ಕೈಯಲ್ಲಿ ಪಾಠಯೋಜನೆ ಇತ್ತು, ಹಿಂದೆ ವೀಕ್ಷಕರು ಕುಳಿತಿದ್ದರು, ನಿರೀಕ್ಷಿತ ಉತ್ತರ ಇನ್ನೂ ಬಂದಿರಲಿಲ್ಲ. ಕಿಟಕಿಯ ಪಕ್ಕ ಸುಮ್ಮನೆ ಕುಳಿತಿದ್ದ ಹುಡುಗನನ್ನು ಎಬ್ಬಿಸಿ, "ಹಾಗಾದರೆ ನಿನಗೆ ಹುಲಿ ಎದುರಿಸುವ ಧೈರ್ಯ ಇಲ್ಲವೇ?" ಎಂದು ನಗುತ್ತಾ ಕೇಳಿದೆ. ಅವನು ಏನೂ ಹೇಳದೆ ಕುಳಿತ. ತರಗತಿಯೂ ಸುಮ್ಮನಾಯಿತು.

ಅವನ ಚಿಕ್ಕಪ್ಪ ದನ ಮೇಯಿಸಲು ಹೋಗಿದ್ದಾಗ ಹುಲಿ ದಾಳಿಯಲ್ಲಿ ತೀರಿಕೊಂಡಿದ್ದರು ಎಂದು ಊಟದ ಹೊತ್ತಿಗೆ ಆ ಶಾಲೆಯ ಶಿಕ್ಷಕರು ತಿಳಿಸಿದರು.

ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಅನುಮಾನ ಪಟ್ಟ ಮಗುವಿನ ಬಾಯಿ ಮುಚ್ಚಿಸಲು ಕತೆಯ ತಂದೆ ಏನು ಮಾಡಿದರೋ ಅದನ್ನೇ ನಾನೂ ಮಾಡಿದ್ದೆ: ಧೈರ್ಯದ ಸವಾಲು ಹಾಕಿದ್ದೆ. ಎಷ್ಟೋ ಸಲ ನೋಡಿದ ಕಂತು, ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಕತೆ. ಆದರೂ ಆ ತಂದೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಕಾರ್ನಾಡರು.

ವೀಕ್ಷಣಾ ಪುಸ್ತಕದಲ್ಲಿ ‘ನಿರೀಕ್ಷಿತ ಕಲಿಕಾ ಫಲ ಸಾಧಿತವಾಗಿಲ್ಲ, ಚರ್ಚೆ ದಿಕ್ಕು ತಪ್ಪಿದೆ’ ಎಂಬ ಷರಾ ಬಂತು. ಚರ್ಚೆ ದಿಕ್ಕು ತಪ್ಪಲಿಲ್ಲ, ನಾನು ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಮರುದಿನ ವೀಕ್ಷಕರಿಲ್ಲದ ಅವಧಿಯಲ್ಲಿ ಮೊದಲು ಆ ಹುಡುಗನ ಕ್ಷಮೆ ಕೇಳಿದೆ. ಆಮೇಲೆ ಹಲಗೆಯ ಮೇಲೆ ಮೂರು ಕಾಲಂ ಎಳೆದೆ: ಸುದ್ದಿ ಏನು ಹೇಳುತ್ತದೆ, ನಮಗೆ ಏನು ಗೊತ್ತು, ಯಾರನ್ನು ಕೇಳಬಹುದು. ಮೂರನೆಯ ಕಾಲಂಗೆ ಅರಣ್ಯ ಇಲಾಖೆಯ ವಾಚರ್, ದನ ಕಾಯುವವರು, ಹಾಡಿಯ ಹಿರಿಯರು ಎಂದು ಮಕ್ಕಳೇ ಬರೆಸಿದರು. ಪತ್ರಿಕೆಯವರನ್ನೂ ಸೇರಿಸಿದರು. ಆ ಹುಡುಗ ಮಾತಾಡಲಿಲ್ಲ. ಅವನ ಹಾಳೆಯಲ್ಲಿ ಎರಡು ವಾಕ್ಯವಿತ್ತು: ‘ನಮ್ಮ ಚಿಕ್ಕಪ್ಪನಿಗೆ ಧೈರ್ಯ ಇತ್ತು. ಹುಲಿ ಹಿಂದಿನಿಂದ ಬಂತು.’

ಹಾಗಾದರೆ ಹಳೆಯ ಧಾರಾವಾಹಿಗಳನ್ನು ತರಗತಿಗೆ ತರಬಾರದೇ? ಖಂಡಿತ ತರಬೇಕು. ಈಗಿನ ಕಾರ್ಯಕ್ರಮಗಳ ಅಬ್ಬರದಲ್ಲಿ ಇಂತಹ ನಿಧಾನದ ಕತೆ ಮಕ್ಕಳಿಗೆ ಸಿಗುವುದಿಲ್ಲ ಎಂಬ ತಂದೆಯವರ ಮಾತಿನಲ್ಲಿ ನಿಜವಿದೆ. ಹುಲಿಯ ಬಗ್ಗೆ ಅಷ್ಟು ಮಾತು ಹೊರಟದ್ದೂ ಆ ಕತೆಯಿಂದಲೇ. ಆದರೆ ಪೆಟ್ಟಿಗೆಯ ಜೊತೆಗೆ ನಮ್ಮ ಬಾಲ್ಯವನ್ನೂ ಕೊಂಡೊಯ್ದು, ಮಕ್ಕಳೂ ಅದನ್ನು ಮೆಚ್ಚಲೇಬೇಕೆಂದು ಕಾಯುವುದು ಬೋಧನೆಯಲ್ಲ. ಅಭಿಮಾನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅದರಿಂದಾಗಿ ಮಕ್ಕಳು ಹೇಳುವುದು ಅವನ ಕಿವಿಗೆ ಬೀಳುವುದಿಲ್ಲ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು. ಇಡೀ ಸಂಗ್ರಹ ಬೇಡ, ಒಂದು ಕಂತು ಸಾಕು, ಅದರಲ್ಲೂ ನಿಲ್ಲಿಸಿ ಮಾತಾಡಲು ಸಮಯವಿರಲಿ. ಹಿಂದಿಯಲ್ಲಿದ್ದರೆ ನೀವೇ ಕನ್ನಡದಲ್ಲಿ ಹೇಳಿ, ಮಕ್ಕಳು ನಡುವೆ ಬಾಯಿ ಹಾಕಲು ಧೈರ್ಯ ಮಾಡುವುದು ಆಗಲೇ. ತೋರಿಸುವ ಮುನ್ನ ಆ ಶಾಲೆಯ ಶಿಕ್ಷಕರೊಡನೆ ಹತ್ತು ನಿಮಿಷ ಕೂತು, ತರಗತಿಯಲ್ಲಿ ಯಾರ ಮನೆಯ ಪರಿಸ್ಥಿತಿ ಹೇಗಿದೆ ಎಂದು ತಿಳಿದುಕೊಳ್ಳಿ. ನಾನು ಪ್ಲೇಯರ್ ಹುಡುಕಲು ಎರಡು ದಿನ ಓಡಾಡಿದ್ದೆ. ಈ ಹತ್ತು ನಿಮಿಷ ಕೊಟ್ಟಿರಲಿಲ್ಲ.

ಉಪನ್ಯಾಸಕರಲ್ಲಿ ಒಂದು ವಿನಂತಿಯೂ ಇದೆ. ಪಾಠಯೋಜನೆಯ ನಮೂನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಪಕ್ಕದಲ್ಲಿ ‘ಬಂದ ಉತ್ತರ’ ಎಂದು ಇನ್ನೊಂದು ಕಾಲಂ ಸೇರಿಸಬಹುದೇ? ಎರಡೂ ಬೇರೆಯಾದಾಗ ಪಾಠ ವಿಫಲವಾಯಿತು ಎಂದು ಬರೆಯುವ ಮೊದಲು, ಯಾವುದು ಹೆಚ್ಚು ಸರಿ ಎಂದು ನೋಡಲು ಅದರಿಂದ ಅವಕಾಶವಾಗುತ್ತದೆ.

ಪೆಟ್ಟಿಗೆಯನ್ನು ತಂದೆಗೆ ಹಿಂದಿರುಗಿಸಿದೆ. ಮಕ್ಕಳಿಗೆ ಹಿಡಿಸಿತೇ ಎಂದು ಕೇಳಿದರು. ಹುಲಿಯ ಸುದ್ದಿಯನ್ನು ಅವರು ನಂಬಲಿಲ್ಲ ಎಂದೆ. ತಂದೆ ಸ್ವಲ್ಪ ಹೊತ್ತು ಯೋಚಿಸಿ, "ಸ್ವಾಮಿನೂ ನಂಬಿರಲಿಲ್ಲ, ಅಲ್ವಾ?" ಎಂದರು. ಆ ರಾತ್ರಿ ಇಬ್ಬರೂ ಆ ಕಂತನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿದೆವು.